ಕೈ ನಂದು, ಆಡಸಾಂವ ನಾನಲ್ಲ

ಎರಡನೇ ಮಹಾಯುದ್ಧದ ನಾಲ್ಕನೇ ವರ್ಷ. ನಾನು ಆಗ ಮಕ್ತಲದ ಸರ್ಕಾರಿ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದೆ. ನಿಜಾಮರ ಸರ್ಕಾರದ ನೌಕರಿ. ಕಾಗದಪತ್ರವೆಲ್ಲ ಉರ್ದುವಿನಲ್ಲಿ, ರೋಗಿಗಳ ಮಾತು ಕನ್ನಡದಲ್ಲಿ ಇಲ್ಲವೆ ತೆಲುಗಿನಲ್ಲಿ. ಎರಡರ ನಡುವೆ ನಿಂತು ಔಷಧ ಅಳೆದು ಕೊಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಅದೇ ಕೆಲಸದಲ್ಲಿ ನಿವೃತ್ತನಾದೆ. ಎಷ್ಟು ಗಾಯ ಕಟ್ಟಿದ್ದೇನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದರ ವಿಷಯ ಮಾತ್ರ ಬರೆದಿಡಬೇಕು ಅನಿಸಿದೆ. ಅದು ನನ್ನ ಅಣ್ಣ ಬಸಲಿಂಗಪ್ಪನ ಬಲಗೈಗೆ ಆದ ಗಾಯ. ಅಣ್ಣ ತೀರಿಕೊಂಡು ಇವತ್ತಿಗೆ ನಲವತ್ತು ದಿನ. ಅವನಿದ್ದಾಗ ಇದನ್ನು ಬರೆಯಲು ನನಗೆ ಧೈರ್ಯವಿರಲಿಲ್ಲ.

ನಮ್ಮ ಮನೆ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿತ್ತು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು, ಅಣ್ಣನಿಗೆ ಹದಿನೇಳು. ಮರುವಾರವೇ ಅವನು ಅಪ್ಪನ ಮಗ್ಗಕ್ಕೆ ಇಳಿದ. ಇಳಿದ ಎಂದೇ ಹೇಳಬೇಕು, ಯಾಕೆಂದರೆ ಅದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಕಾಲು ಹಲಗೆ ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ಬಿಡುತ್ತವೆ. ಆ ಬಾಯೊಳಗೆ ಒಂದು ಕೈ ಲಾಳಿ ಎಸೆದರೆ ಇನ್ನೊಂದು ಕೈ ಹಿಡಿಯುತ್ತದೆ. ಒಂದು ಹಾಸು ಹೂಡಿದರೆ ಎಂಟು ಸೀರೆ. ಅಣ್ಣ ನೇಯ್ದ ಅಂಚನ್ನು ಗದ್ವಾಲದ ವ್ಯಾಪಾರಿಗಳು ಬೆರಳಲ್ಲಿ ಸವರಿಯೇ ಗುರುತಿಸುತ್ತಿದ್ದರು. ಅಲ್ಲಿಯ ನೇಕಾರರೊಬ್ಬರ ಮಗಳು ಗೌರಮ್ಮ ಅವನ ಹೆಂಡತಿಯಾಗಿ ಬಂದಳು. ನಾನು ಅವಳನ್ನು ವೈನಿ ಅನ್ನುತ್ತಿದ್ದೆ, ಅಣ್ಣ ನನ್ನನ್ನು ಶಿವ್ಯಾ ಅನ್ನುತ್ತಿದ್ದ. ನನ್ನನ್ನು ಓದಿಸಿದ್ದು, ಕಾಂಪೌಂಡರ್ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದ್ದು ಅವರಿಬ್ಬರೇ.

ಆ ಕಾಲದಲ್ಲಿ ಸರ್ಕಾರಿ ರಜೆ ಶುಕ್ರವಾರ. ಗುರುವಾರ ಸಂಜೆ ಮಕ್ತಲದಲ್ಲಿ, ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದರೆ ನಾರಾಯಣಪೇಟೆಗೆ ಬಂದು ಶನಿವಾರ ಬೆಳಿಗ್ಗೆ ಮರಳುತ್ತಿದ್ದೆ. ಒಂದು ತಿಂಗಳು ಹಾಗೆ ಬರಲು ಆಗಿರಲಿಲ್ಲ. ಆ ಗುರುವಾರ ಮನೆ ಮುಟ್ಟಿದಾಗ ರಾತ್ರಿ ಬಹಳವಾಗಿ ಎಲ್ಲರೂ ಮಲಗಿದ್ದರು. ಶುಕ್ರವಾರ ಬೆಳಿಗ್ಗೆ ಕೆರೆಯ ಕಡೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಪಕ್ಕದ ಮನೆಯ ಹಿರಿಯ ನೇಕಾರ ಮಲ್ಲೇಶಪ್ಪ ಕಾಕಾ ಬಾಗಿಲಲ್ಲೇ ನನ್ನನ್ನು ತಡೆದರು.

"ಚಪ್ಪಲಿ ದೂರ ಬಿಟ್ಟು ಬಾರಪ ಕಾಂಪೌಂಡರ್ ಸಾಹೇಬ. ನಿಮ್ಮಣ್ಣ ಈಗ ನಮ್ಮಂಗ ಅಲ್ಲ."

"ಏನಾಗೇತಿ ಕಾಕಾ?"

"ಏನಾಗೋದು? ನಾ ನೇಯಾಕತ್ತಿಲ್ಲ, ನನ್ನ ಕೈಲಿ ನೇಸಾಕತ್ಯಾರ ಅಂತಾನ. ನಾವೂ ದಿನಾ ಅಂತೀವಿ. ನಮ್ದು ಬರೇ ಬಾಯಿ ಮಾತು. ಇವಂಗ ಅದು ಖರೇ ಆಗೇತಿ."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಓಣಿಯ ನೇಕಾರರು ಬೆಳಿಗ್ಗೆ ಕುಣಿಗೆ ಇಳಿಯುವ ಮುಂಚೆ ಮಗ್ಗ ಮುಟ್ಟಿ, ಕೈ ನಿಂದು, ಕೆಲಸ ನಿಂದು ಎಂದು ಶಿವನಿಗೆ ಹೇಳಿ ಕೂರುವುದು ವಾಡಿಕೆ. ನಾನು ಮಾಡಿದೆ ಎನ್ನುವುದು ಅಹಂಕಾರ, ಅವನು ಮಾಡಿಸಿದ ಎನ್ನುವುದು ಭಕ್ತಿ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಅಂಥ ಓಣಿಯಲ್ಲಿ ಒಬ್ಬನು, ನನ್ನ ಕೈ ಆಡುತ್ತಿದೆ, ಆಡಿಸುವವನು ನಾನಲ್ಲ ಎಂದು ಕಣ್ಣೀರು ತುಂಬಿ ಹೇಳಿದರೆ ಜನ ಏನು ತಿಳಿಯಬೇಕು? ಅವನಿಗೆ ಶಿವ ಒಲಿದ ಎಂದು ತಿಳಿದರು. ನಾನೂ ಹಾಗೆಯೇ ತಿಳಿದೆ. ಒಳಗೊಳಗೆ ಹೆಮ್ಮೆಯೂ ಆಯಿತು.

ಕಟ್ಟೆಯ ಮೇಲೆ ತೆಲುಗು ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಕೂತಿದ್ದಳು. ಅಣ್ಣ ಹೊರಗೆ ಬಂದಾಗ "ಅಯ್ಯಾ, ಬಿಡ್ಡ ಮೀದ ಒಕ್ಕಸಾರಿ ಚೇಯಿ ಪೆಟ್ಟು" ಎಂದು ಬೇಡಿದಳು. ಕೂಸಿನ ಮೇಲೆ ಒಮ್ಮೆ ಕೈ ಇಡು ಎಂದು. ಅಣ್ಣ ಬಲಗೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಹಿಂದೆ ಸರಿದ. ಅವಳು ಬಿಡಲಿಲ್ಲ. ಕೊನೆಗೆ ಎಡಗೈ ಚಾಚಿ ಮುಟ್ಟಿದ ಹಾಗೆ ಮಾಡಿ ಒಳಗೆ ಹೋದ. "ಎಷ್ಟು ಸಣ್ಣಾಗ್ಯಾನ ನೋಡು, ಎಳ್ಳಷ್ಟೂ ದೊಡ್ಡಸ್ತಿಕಿ ಇಲ್ಲ" ಅಂದರು ಕಾಕಾ.

ಒಳಗೆ ಪೂಜೆಗೆ ಕೂತಾಗ ಇನ್ನೊಂದನ್ನು ನೋಡಿದೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ಅಣ್ಣನ ಬಲಗೈಗೆ ಮೊಣಕೈತನಕ ಒದ್ದೆ ಬಟ್ಟೆ ಸುತ್ತಿತ್ತು. ವೈನಿ ನೀರೆರೆದಳು, ವೈನಿಯೇ ವಿಭೂತಿ ಹಚ್ಚಿದಳು. ಇದೇನೋ ಹೊಸ ವ್ರತ ಎಂದುಕೊಂಡೆ.

ಊಟಕ್ಕೆ ಕೂತಾಗ ಅವನು ಎಡಗೈಯಿಂದ ರೊಟ್ಟಿ ಮುರಿದ. ಆಗ ಕೇಳಿದೆ.

"ಯಾಕಣ್ಣ ಎಡಗೈ?"

"ಆ ಕೈಲಿ ಉಣ್ಣಾಕ ಆಗವಲ್ದು ಶಿವ್ಯಾ. ತುತ್ತು ಎತ್ತಬೇಕು ಅಂತ ನಾ ಅನ್ನೂದ್ರಾಗ ಅದು ಎತ್ತಿರತೈತಿ."

"ಶಿವ ಉಣಸಾಕತ್ತಾನಂದ್ರ ಉಣ್ಣು, ನಿಂದೇನು ಹೋಗತೈತಿ" ಎಂದು ನಾನು ನಕ್ಕೆ.

ಅವನು ನಗಲಿಲ್ಲ. ರೊಟ್ಟಿ ಗಂಗಾಳದಲ್ಲಿಟ್ಟು ನನ್ನನ್ನೇ ನೋಡಿದ. "ನೀನೂ ಅವರಂಗ ಮಾತಾಡ್ತಿ" ಅಂದ.

ಮಕ್ತಲದ ನಮ್ಮ ಡಾಕ್ಟರ್ ಸಾಹೇಬರು ಹೈದರಾಬಾದ್ ಶಹರಿನವರು. ಮಾತು ಕಡಿಮೆ. ಶನಿವಾರ ರೋಗಿಗಳೆಲ್ಲ ಹೋದ ಮೇಲೆ ಊರಿನ ಸುದ್ದಿ ಅಂತ ಅಣ್ಣನ ವಿಷಯ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವರು ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಖುಷ್ ಹೈ, ಯಾ ಡರಾ ಹುವಾ ಹೈ?"

ಸಂತೋಷವಾಗಿದ್ದಾನೋ, ಹೆದರಿದ್ದಾನೋ. ನಾನು ಉತ್ತರ ಕೊಡಲು ಬಾಯಿ ತೆರೆದೆ. ಒದ್ದೆ ಬಟ್ಟೆ ಸುತ್ತಿದ ಕೈ ಕಣ್ಣ ಮುಂದೆ ಬಂತು. ದೇವರು ಆಡಿಸುವ ಕೈಯನ್ನು ದೇವರಿಗೇ ಮುಟ್ಟಿಸಲು ಯಾರಾದರೂ ಅಂಜುತ್ತಾರೆಯೆ? ಹೆದರಿದ್ದಾನೆ ಅಂದೆ.

ಸಾಹೇಬರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚು ಅಂದರು. ನನ್ನ ಬೆರಳನ್ನು ಹಿಡಿದು ಮೇಲೆ ಎತ್ತಿದರು. ಆಮೇಲೆ, ನೀನೇ ಎತ್ತು ಅಂದರು. ಎರಡೂ ಸಲ ಬೆರಳು ಅಷ್ಟೇ ಎತ್ತರ ಹೋಯಿತು, ನೀನು ನೋಡಲಿಲ್ಲ, ಆದರೂ ಯಾವುದು ನಾನು ಎತ್ತಿದ್ದು ಯಾವುದು ನೀನು ಎತ್ತಿದ್ದು ನಿನಗೆ ಗೊತ್ತಾಯಿತು ಅಲ್ಲವೆ ಎಂದು ಕೇಳಿದರು. ಗೊತ್ತಾಗಿತ್ತು. ಆ ಗೊತ್ತಾಗುವಿಕೆ ಎಷ್ಟು ಸಣ್ಣದೆಂದರೆ ಅದು ಇದೆ ಎಂಬುದೇ ನಮಗೆ ತಿಳಿಯುವುದಿಲ್ಲ, ನಿನ್ನ ಅಣ್ಣನಿಗೆ ಅದು ಹೋಗಿದೆ ಅಂದರು. ಕೈ ಅವನದೇ ಎಂಬುದು ಅವನಿಗೆ ಗೊತ್ತು. ಬಿಸಿ, ತಂಪು, ನೋವು ಎಲ್ಲ ತಿಳಿಯುತ್ತದೆ. ನಾನು ಆಡಿಸಿದೆ ಎಂಬುದೊಂದೇ ಬರುವುದಿಲ್ಲ. ಅದು ಬಾರದಿದ್ದಾಗ ಮನಸ್ಸು ಸುಮ್ಮನಿರುವುದಿಲ್ಲ, ಬೇರೆ ಯಾರೋ ಆಡಿಸುತ್ತಿದ್ದಾರೆ ಎಂದು ಹುಡುಕಿಕೊಳ್ಳುತ್ತದೆ. ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಇದೆ ಎಂದು ನಾನು ಮೊದಲು ಕೇಳಿದ್ದು ಆ ದಿನ.

ಮನೆಯಲ್ಲಿ ಕತ್ತಿ ಕುಡುಗೋಲು ಎತ್ತಿಡಿಸು, ಒಬ್ಬನನ್ನೇ ಬಿಡಬೇಡ, ಬೇಗ ಇಲ್ಲಿಗೆ ಕರೆದುಕೊಂಡು ಬಾ ಎಂದು ಸಾಹೇಬರು ಹೇಳಿದರು. ರುಖ್ಸತ್ ಅರ್ಜಿ ಬರೆದುಕೊಟ್ಟಿದ್ದರೆ ಆಗಲೇ ಸಹಿ ಮಾಡುತ್ತಿದ್ದರು. ನಾನು ರಜೆ ಕೇಳಲಿಲ್ಲ.

ಇದನ್ನು ಮುಚ್ಚಿಟ್ಟು ಬರೆದರೆ ಬರೆದು ಉಪಯೋಗವಿಲ್ಲ. ಓಣಿಯವರು ಕೈ ಮುಗಿಯುವ ಮನುಷ್ಯನನ್ನು ಅವನ ತಮ್ಮನೇ ಬಂದು ಹುಚ್ಚ ಅಂದ ಎನ್ನಿಸಿಕೊಳ್ಳಲು ನಾನು ನಾಚಿದೆ. ಶುಕ್ರವಾರ ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ. ಅಷ್ಟರಲ್ಲಿ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿ ಸೂಜಿ ಹಾಕುವ ಕೆಲಸಕ್ಕೆ ನನ್ನನ್ನು ಕಳಿಸಿದರು. ಆ ಶುಕ್ರವಾರ ತಪ್ಪಿತು. ತಪ್ಪಿದ್ದಕ್ಕೆ ನನಗೆ ಹಗುರವೂ ಆಯಿತು. ಹೀಗೆ ಹದಿಮೂರು ದಿನ ಕಳೆದವು.

ಹದಿನಾಲ್ಕನೆಯ ದಿನ ಶುಕ್ರವಾರ. ಗುರುವಾರದ ಬಸ್ಸು ದಾರಿಯಲ್ಲಿ ಕೆಟ್ಟು, ಮರಿಕಲ್ಲಿನಲ್ಲಿ ರಾತ್ರಿ ಉಳಿದು, ಪರಿಚಯದವರೊಬ್ಬರ ಗಾಡಿಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಊರು ಮುಟ್ಟಿದೆ. ನಮ್ಮ ಮನೆ ಮುಂದಿನ ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ನೂಲಿಗೆ ಬಣ್ಣ ಹಾಕುವ ತಾಮ್ರದ ಹಂಡೆ ಇಟ್ಟಿದ್ದರು. ನೀರು ಕುದಿಯುತ್ತಿತ್ತು. ಸುತ್ತ ಓಣಿಯ ಗಂಡಸರು ನಿಂತಿದ್ದರು. ಹಂಡೆಗೆ ತಾಗಿದಂತೆ ಅಣ್ಣ ನಿಂತಿದ್ದ. ಅವನ ಬಲಗೈಯಲ್ಲಿ ಸುತ್ತಿದ ರೇಷ್ಮೆ ನೂಲಿನ ಒಂದು ಲಡಿ ಇತ್ತು. ಸುತ್ತಿದ್ದ ಬಟ್ಟೆ ಬಿಚ್ಚಿತ್ತು.

ಆಗಿದ್ದು ಇಷ್ಟು. ಯುದ್ಧದಿಂದಾಗಿ ಪರದೇಶದ ಬಣ್ಣ ಬರುವುದು ನಿಂತಿತ್ತು. ಎಲ್ಲಿಂದಲೋ ತಂದ ಕೆಂಪು ಬಣ್ಣ ಹಿಂದಿನ ಸಲ ರೇಷ್ಮೆಗೆ ಹಿಡಿಯದೆ ಇಡೀ ಓಣಿಯ ನೂಲು ಹಾಳಾಗಿತ್ತು. ಈ ಸಲ ಉಳಿದ ಬಣ್ಣ ಒಂದೇ ಹಂಡೆಗೆ ಆಗುವಷ್ಟು. ಅದಕ್ಕೆ ಮಲ್ಲೇಶಪ್ಪ ಕಾಕಾ ಒಂದು ವಿಚಾರ ಮಾಡಿದ್ದರು: ಮೊದಲ ಲಡಿಯನ್ನು ಬಸಲಿಂಗಪ್ಪನ ಕೈಯಿಂದ ಅದ್ದಿಸಬೇಕು. ಶಿವ ಆಡಿಸುವ ಕೈ ಮುಟ್ಟಿದರೆ ಬಣ್ಣ ಹಿಡಿದೇ ಹಿಡಿಯುತ್ತದೆ. ಲಡಿಯನ್ನು ಕೋಲಿಗೆ ತೂಗಿಬಿಟ್ಟು ಅದ್ದುವುದು ರೂಢಿ. ಕೋಲು ಬೇಡ, ಕೈಯಿಂದಲೇ ಬಿಡಲಿ ಎಂದು ಯಾರೋ ಅಂದಿದ್ದರು. ನಾಲ್ಕು ಜನ ಸೇರಿ ಭಕ್ತಿಯಿಂದ ಅವನ ಕೈಬಟ್ಟೆ ಬಿಚ್ಚಿದ್ದರು.

ನಾನು ಜನರನ್ನು ಸರಿಸಿ ಒಳಗೆ ಹೋದೆ. ಅಣ್ಣನ ಮುಖ ನೋಡಿದೆ. ಅವನು ಲಡಿಯನ್ನು ನೋಡುತ್ತಿರಲಿಲ್ಲ. ನೀರನ್ನು ನೋಡುತ್ತಿದ್ದ. ವೈನಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ನನ್ನ ಕಡೆ ನೋಡಿದ ನೋಟದಲ್ಲೇ ತಿಳಿಯಿತು, ಇವನು ಲಡಿ ಬಿಟ್ಟು ಕೈ ತೆಗೆಯುವವನಲ್ಲ ಎಂದು.

"ಅಣ್ಣ" ಅಂದೆ.

"ದೂರ ನಿಂದ್ರು ಶಿವ್ಯಾ."

"ಏನ್ ಮಾಡಾಕ ನಿಂತೀ?"

ಅವನು ತಗ್ಗಿದ ದನಿಯಲ್ಲಿ, ನನಗೆ ಮಾತ್ರ ಕೇಳುವಂತೆ ಹೇಳಿದ. "ಮೊನ್ನೆ ಗೌರಿ ಒಲಿ ಮುಂದ ಕೂತಿದ್ಳು. ಈ ಕೈ ಎದ್ದು ಆಕಿ ಕುತ್ತಿಗಿ ತನಕ ಹೋತು. ನಾ ಕಳಸಿಲ್ಲ. ಎಡಗೈಲಿ ಹಿಡದು ಎಳಕೊಂಡು ಬಂದೆ. ನಾಳೆ ಎಡಗೈಗೆ ನೀಗದಿದ್ರ?"

"ಕೈ ನಿಂದ ಅಲ್ಲೇನಣ್ಣ?"

"ಕೈ ನಂದು. ಆಡಸಾಂವ ನಾನಲ್ಲ. ಇದು ಇರೂತನಕ ಅಂವ ಆಡಸ್ತಾನ. ಇದು ಹೋದ್ರ ಏನ್ ಹಿಡದು ಆಡಸ್ತಾನ?"

ಹಿಂದೆ ನಿಂತವರಲ್ಲಿ ಒಬ್ಬ "ಮಾತು ಸಾಕು, ಹೊತ್ತಾಗತೈತಿ, ನೀರು ಬತ್ತತೈತಿ" ಅಂದ. ಇನ್ನೊಬ್ಬ "ಕಾಂಪೌಂಡರಗ ಬಣ್ಣದ ಔಷಧ ಗೊತ್ತಿರಬೇಕು" ಎಂದು ನಗೆಯಾಡಿದ. ಅವರಿಗೆ ಏನೂ ತಿಳಿದಿರಲಿಲ್ಲ. ಕೂಗಿ ಹೇಳಿದರೆ ಎಲ್ಲರೂ ಮೇಲೆ ಬೀಳುತ್ತಾರೆ, ಬಿದ್ದರೆ ಅವನು ಕೈ ಹಾಕಿಬಿಡುತ್ತಾನೆ. ಯಾರೂ ಆಡಿಸುತ್ತಿಲ್ಲ, ನೀನೇ ಆಡಿಸುತ್ತಿ ಎಂದು ವಾದ ಮಾಡುವಷ್ಟು ಹೊತ್ತೂ ಇರಲಿಲ್ಲ. ಅವನು ನಿಂತ ಕಡೆಯಿಂದಲೇ ನಾನು ಮಾತಾಡಬೇಕಿತ್ತು.

"ತಪ್ಪು ಆಡಸಾಂವಂದು. ಕೈ ಏನ್ ಮಾಡೇತಿ? ಅದಕ್ಯಾಕ ಸುಡ್ತಿ?"

ಅವನು ನೀರಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ.

"ನನಗ ಕೊಡು. ಪಟ್ಟಿ ಕಟ್ಟೂದು ನನ್ನ ಕೆಲಸ ಅಲ್ಲೇನು? ಅಂವ ಎಷ್ಟು ಎಳದ್ರೂ ಬಿಚ್ಚದಂಗ ಕಟ್ಟತೀನಿ. ಎದಿಗೆ ಸೇರಿಸಿ ಕಟ್ಟತೀನಿ."

"ಗಟ್ಟಿ ಕಟ್ಟತೀಯಾ?"

"ಗಟ್ಟಿ ಕಟ್ಟತೀನಿ."

"ಗೌರಿ ಬಿಚ್ಚಬಾರ್ದು."

"ನಾ ಬಿಟ್ರ ಯಾರೂ ಬಿಚ್ಚಂಗಿಲ್ಲ."

ಲಡಿ ಅವನ ಬೆರಳಿನಿಂದ ಜಾರಿ ನೀರಿಗೆ ಬಿತ್ತು. ಜನ ಹೋ ಎಂದರು. ಬರಿಗೈ ಹಂಡೆಯ ಮೇಲೆ, ಹಬೆಯ ಒಳಗೆ ನಿಂತಿತು. ಅದು ನನ್ನ ಕಡೆ ತಿರುಗುತ್ತಿತ್ತು. ತಿರುಗುತ್ತಿತ್ತು ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ಇನ್ನು ಮೂರು ಎಣಿಸುವಷ್ಟು ಹೊತ್ತು ಕಾದಿದ್ದರೆ ಅವನೇ ಅದನ್ನು ನನಗೆ ಕೊಡುತ್ತಿದ್ದನೋ ಏನೋ. ನಾನು ಕಾಯಲಿಲ್ಲ. ಮುಂದೆ ನುಗ್ಗಿ ಅವನ ಮಣಿಕಟ್ಟನ್ನು ಹಿಡಿದೆ.

ಹಿಡಿದ ಕೂಡಲೆ ಅವನ ಮೈಯೆಲ್ಲ ಸೆಟೆಯಿತು. ಬೇರೆಯವರು ತನ್ನ ಕೈ ಆಡಿಸುತ್ತಾರೆ ಎಂದು ಒಂದೂವರೆ ತಿಂಗಳಿಂದ ಹೆದರಿದವನ ಕೈಯನ್ನು ನಾನು ನಿಜವಾಗಿಯೂ ಹಿಡಿದು ಎಳೆದಿದ್ದೆ. ಅವನು ಒಂದು ಕಡೆ, ನಾನು ಒಂದು ಕಡೆ. ನನ್ನ ಕಾಲ ಕೆಳಗೆ ಸೌದೆ ಉರುಳಿತು. ಕೈ ನೀರಿಗೆ ಹೋಯಿತು, ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನತನಕ. ನನ್ನ ಬೆರಳುಗಳೂ ಸುಟ್ಟವು. ನಾನು ಹಿಂದಕ್ಕೆ ಎಳೆದೆನೋ, ಬೀಳುವಾಗ ಮುಂದಕ್ಕೆ ಒತ್ತಿದೆನೋ, ಅವನೇ ಹಾಕಿದನೋ, ನನಗೆ ಗೊತ್ತಾಗಲಿಲ್ಲ. ನನ್ನದೇ ಕೈ ಏನು ಮಾಡಿತು ಎಂಬುದು ನನಗೆ ಗೊತ್ತಾಗಲಿಲ್ಲ.

ಅವನು ಕಿರುಚಲಿಲ್ಲ. ನೆಲಕ್ಕೆ ಬಿದ್ದವನು ನನ್ನನ್ನು ನೋಡಿ ಮೆಲ್ಲಗೆ ಅಂದ: "ನೋಡಿದೇನು? ನಾನಲ್ಲ."

ವೈನಿ ಕೊಡಪಾನದ ತಣ್ಣೀರನ್ನು ಆ ಕೈ ಮೇಲೆ ಸುರಿಯತೊಡಗಿದಳು. ಒಂದು ಮುಗಿದ ಮೇಲೆ ಇನ್ನೊಂದು. ಮಲ್ಲೇಶಪ್ಪ ಕಾಕಾ ಅಲ್ಲೇ ಕುಕ್ಕರಿಸಿ ಕೂತು "ನಾವು ಕಣ್ಣಿದ್ದ ಕುರುಡ್ರು ಆದ್ವಿ ತಾಯಿ" ಎಂದು ಹಣೆ ಬಡಿದುಕೊಂಡರು. ಒಲೆಯ ಬೆಂಕಿಯನ್ನು ಯಾರೋ ಎಳೆದು ಹಾಕಿದರು. ಒಬ್ಬೊಬ್ಬರೇ ತಮ್ಮ ಮನೆಗೆ ಹೋದರು.

ಶುಕ್ರವಾರವಾದ್ದರಿಂದ ಊರಿನ ದವಾಖಾನೆಗೆ ಬೀಗ. ಒಗೆದ ಧೋತರ ಹರಿದು ಸುತ್ತಿ ಮಧ್ಯಾಹ್ನದ ಬಸ್ಸಿಗೆ ಮಕ್ತಲಕ್ಕೆ ಕರೆದೊಯ್ದೆ. ರಜೆಯಾದರೂ ಸಾಹೇಬರು ಮನೆಯಿಂದ ಬಂದು ದವಾಖಾನೆ ತೆರೆಸಿ ಗಾಯ ನೋಡಿದರು, ನನ್ನ ಮುಖ ನೋಡಿದರು, ಹದಿನಾಲ್ಕು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ಅದು ಕೇಳಿದ್ದಕ್ಕಿಂತ ಹೆಚ್ಚಾಯಿತು.

ಸುಟ್ಟ ಗಾಯಕ್ಕೆ ಆಗ ಜೆನ್ಶಿಯನ್ ವಯೊಲೆಟ್ ಎಂಬ ನೇರಳೆ ಔಷಧ ಹಚ್ಚುತ್ತಿದ್ದೆವು. ದಿನಾ ಸತ್ತ ಚರ್ಮ ತೆಗೆದು, ಬೆರಳು ಬೆರಳಿಗೆ ನಡುವೆ ಬಟ್ಟೆ ಇಟ್ಟು, ಒಂದಕ್ಕೊಂದು ಅಂಟದಂತೆ ಕಟ್ಟಬೇಕು. ಮೊದಲ ದಿನ ಅಣ್ಣ ಕೈ ಕೊಡಲಿಲ್ಲ. ಎದೆಗೆ ಅವುಚಿಕೊಂಡು ಗೋಡೆ ಕಡೆ ತಿರುಗಿದ. ನಾನು ಹಿಡಿಯಲಿಲ್ಲ. ಟ್ರೇ ಇಟ್ಟುಕೊಂಡು ಮಂಚದ ಪಕ್ಕ ಕೂತೆ. ಗಾಯ ಕೊಳೆತರೆ ಕೈಯನ್ನೇ ಕತ್ತರಿಸಬೇಕಾಗುತ್ತಿತ್ತು. ಅದು ನನಗೂ ಸಾಹೇಬರಿಗೂ ಗೊತ್ತಿತ್ತು. ಆದರೂ ಸಾಹೇಬರು ಬಾಗಿಲಲ್ಲಿ ನಿಂತು, ಕಾದಿರು, ಅವನೇ ಕೊಡಲಿ ಎಂದು ಸನ್ನೆ ಮಾಡಿದರು. ಎರಡು ತಾಸಿನ ಮೇಲೆ ಅವನು ತಾನಾಗಿ ಕೈ ಚಾಚಿದ.

"ಗಟ್ಟಿ ಕಟ್ಟತೀನಿ ಅಂದಿದ್ದಿ" ಅಂದ.

"ಕಟ್ಟತೀನಿ. ಮದಲು ತೊಳೀಲೇನು?"

"ತೊಳಿ."

ಆ ಮೇಲೆ ಇಪ್ಪತ್ತಾರು ದಿನ ಹಾಗೆಯೇ ನಡೆಯಿತು. ಪ್ರತಿಯೊಂದಕ್ಕೂ ಕೇಳುತ್ತಿದ್ದೆ. ಬಿಚ್ಚಲೇ? ಎತ್ತಲೇ? ಬೆರಳು ಬಿಡಿಸಲೇ? ಅವನು ಹೂಂ ಅಂದ ಮೇಲೆ ಮುಟ್ಟುತ್ತಿದ್ದೆ. ಕೆಲವು ದಿನ ಹೂಂ ಅನ್ನಲು ಅರ್ಧ ತಾಸು ತೆಗೆದುಕೊಳ್ಳುತ್ತಿದ್ದ. ಹೊರಗೆ ರೋಗಿಗಳ ಸಾಲು ಗೊಣಗುತ್ತಿತ್ತು.

ನಡುವೆ ಇನ್ನೊಂದು ಆತಂಕ ಬಂತು. ಹುಚ್ಚು ಹಿಡಿದವನಿಂದ ಅಪಾಯ ಎಂದು ತಹಸೀಲಿಗೆ ಬರೆದರೆ ಅವನನ್ನು ಹೈದರಾಬಾದಿನ ಹುಚ್ಚಾಸ್ಪತ್ರೆಗೆ ಕಳಿಸುತ್ತಾರೆ. ಹೋದವರು ಮರಳುವುದು ಅಪರೂಪ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ವೈನಿಯ ಅಪ್ಪ ಗದ್ವಾಲದಿಂದ ಬಂದು ವರಾಂಡದಲ್ಲಿ ಕೂತು, ಅಳಿಯನನ್ನು ಅಲ್ಲಿಗೆ ಕಳಿಸಿ ಮಗಳನ್ನು ತಮ್ಮ ಜೊತೆ ಕಳಿಸಬೇಕೆಂದು ಹಟ ಹಿಡಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಕೈ ಒಮ್ಮೆ ಮಗಳ ಕುತ್ತಿಗೆಯ ಕಡೆ ಹೋಗಿದ್ದು ನಿಜ. ಸಾಹೇಬರು ವೈನಿಯನ್ನೇ ಕೇಳಿದರು. ನಾನು ತರ್ಜುಮೆ ಮಾಡಿದೆ.

ಅವಳು ಸಾಹೇಬರಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದಳು. "ಆ ಕೈ ನನ್ನ ಕುತ್ತಿಗಿ ಮುಟ್ಟಬಾರ್ದಂತ ಕುದಿಯೂ ಹಂಡಿ ಮುಂದ ನಿಂತ ಮನಷ್ಯಾ ಅವ್ರು. ಅವ್ರನ್ನ ಬಿಟ್ಟು ನಾ ಎಲ್ಲಿಗಿ ಬರ್ಲಿ ಯಪ್ಪಾ?"

ಮುದುಕ ಬಹಳ ಹೊತ್ತು ರುಮಾಲು ಬಿಚ್ಚಿ ಕಟ್ಟಿ ಮಾಡುತ್ತಿದ್ದರು. "ಹಂಗಾದ್ರ ನಿನ್ನ ಅಡಗಿ ಮನ್ಯಾಗ ಈಳಿಗಿ ಇಟಗೋಬ್ಯಾಡ, ಕಾಯಿಪಲ್ಯ ನಾ ಹೆಚ್ಚಿ ಕಳಸ್ತೀನಿ" ಅಂದರು. ಗದ್ವಾಲದಿಂದ ಕಾಯಿಪಲ್ಯ ಹೆಚ್ಚಿ ಕಳಿಸುವ ಮಾತಿಗೆ ವೈನಿ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು, ನಗುತ್ತಲೇ ಅತ್ತಳು. ಸಾಹೇಬರು ತಹಸೀಲಿಗೆ ಬರೆಯಲಿಲ್ಲ. ತಮ್ಮ ಜವಾಬ್ದಾರಿಯ ಮೇಲೆ ದವಾಖಾನೆಯಲ್ಲೇ ಇಟ್ಟುಕೊಂಡರು.

ಕೈ ಉಳಿಯಿತು. ಆದರೆ ಮೂರು ಬೆರಳು ಅಂಗೈಗೆ ಮಡಚಿಕೊಂಡವು. ಲಾಳಿ ಎಸೆಯುವ ಕೈ ಅದಾಗಿ ಉಳಿಯಲಿಲ್ಲ. ಎರಡು ವರ್ಷದ ಮೇಲೆ ವೈನಿ ಅದೇ ಕುಣಿಗೆ ಇಳಿದಳು. ಅಣ್ಣ ಹೊರಗೆ ಕೂತು ಎಡಗೈಯಿಂದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದ. ಕಾಯಿಲೆ ಹೋಗಲಿಲ್ಲ, ಬಂದು ಹೋಗಿ ಮಾಡಿತು. ಬಂದಾಗ ಬಲಗೈಯನ್ನು ಎದೆಗೆ ಕಟ್ಟಿಸಿಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದ. ಕಟ್ಟುವವನು ನಾನೇ ಆಗಬೇಕಿತ್ತು. ಅದಕ್ಕಾಗಿ ಎಷ್ಟೋ ಸಲ ಮಕ್ತಲದಿಂದ ಬಂದು ಹೋಗಿದ್ದೇನೆ.

ಬಹಳ ವರ್ಷಗಳ ಮೇಲೆ, ನಿಜಾಮರ ರಾಜ್ಯವೂ ಹೋಗಿ ಹೊಸ ಸರ್ಕಾರ ಬಂದ ಮೇಲೆ, ಈ ರೋಗಕ್ಕೆ ಗುಳಿಗೆಗಳು ಸಿಗತೊಡಗಿದವು. ಅದಾದ ಮೇಲೂ ಎಷ್ಟೋ ವರ್ಷಕ್ಕೆ, ನಮ್ಮ ಮುಪ್ಪಿನಲ್ಲಿ, ಅವನನ್ನು ನೋಡಿದ ಮನೋವೈದ್ಯರೊಬ್ಬರು ನನಗೆ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ನಾನು ಹಳೆಯ ಸರ್ಕಾರಿ ನೌಕರ ಎಂದು ದಫ್ತರದ ಮಾತಿನಲ್ಲೇ ಹೇಳಿದರು. ಕಚೇರಿಯಿಂದ ಒಂದು ಹುಕುಂ ಹೊರಗೆ ಹೋಗುವಾಗ ಅದರ ನಕಲನ್ನು ಇಟ್ಟುಕೊಳ್ಳುತ್ತೀರಿ. ಜವಾಬು ಬಂದಾಗ ನಕಲು ನೋಡಿ, ಇದು ನಮ್ಮದೇ ಹುಕುಮಿನ ಜವಾಬು ಎಂದು ತಿಳಿಯುತ್ತೀರಿ. ಮೆದುಳೂ ಕೈಗೆ ಹುಕುಂ ಕಳಿಸುವಾಗ ತನ್ನ ಹತ್ತಿರ ಒಂದು ನಕಲು ಇಟ್ಟುಕೊಳ್ಳುತ್ತದೆ. ಕೈ ಆಡಿದ ಸುದ್ದಿ ಬಂದಾಗ ಎರಡನ್ನೂ ತಾಳೆ ನೋಡುತ್ತದೆ. ಸರಿಹೊಂದಿದರೆ, ನಾನೇ ಮಾಡಿದೆ ಎಂಬ ಅರಿವು. ನಮ್ಮ ಕಂಕುಳಿಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಅದಕ್ಕೇ, ಸುದ್ದಿ ಮೊದಲೇ ಗೊತ್ತಿರುತ್ತದೆ. ಈ ರೋಗದಲ್ಲಿ ಆ ನಕಲು ಸರಿಯಾಗಿ ಸಿಗುವುದಿಲ್ಲ ಎಂದು ತಿಳಿದವರು ಊಹಿಸುತ್ತಾರೆ. ತನ್ನದೇ ಹುಕುಮಿನ ಜವಾಬು ಅಪರಿಚಿತರ ಕಾಗದದಂತೆ ಕಾಣುತ್ತದೆ. ಈ ಅರಿವಿಗೆ ಅವರು ಸೆನ್ಸ್ ಆಫ್ ಏಜೆನ್ಸಿ ಎಂಬ ಹೆಸರು ಹೇಳಿದರು. ಅದನ್ನು ಮಾಡುವವನ ಅರಿವು ಎಂದು ನಾನು ನನ್ನಷ್ಟಕ್ಕೆ ಕರೆದುಕೊಂಡೆ.

ಗುಳಿಗೆಯಿಂದ ಅಣ್ಣನಿಗೆ ಒಳ್ಳೆಯ ದಿನಗಳು ಹೆಚ್ಚಾದವು. ಅಂಥ ಒಂದು ದಿನ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದೆವು. ಇಬ್ಬರಿಗೂ ತಲೆ ನರೆತಿತ್ತು. ನಾನು ಅವನ ಮಡಚಿದ ಬೆರಳುಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಅವತ್ತು ಹೇಳಿದೆ.

"ಅಣ್ಣ, ಆವತ್ತು ಹಂಡ್ಯಾಗ ಕೈ ಹೋಗಿದ್ದು ನನ್ನಿಂದ. ನೀ ಕೊಡಾಕ ಹತ್ತಿದ್ದಿ. ನಾ ತಡಕೊಳ್ಳದ ಹಿಡದೆ. ನಾನ ನೂಕಿದೆನೋ ಏನೋ."

ಅವನು ಎಣ್ಣೆ ಹಚ್ಚಿದ ಕೈಯನ್ನು ಎತ್ತಿ ಬಿಸಿಲಿಗೆ ಹಿಡಿದು, ಈಚೆ ಒಮ್ಮೆ ಆಚೆ ಒಮ್ಮೆ ತಿರುಗಿಸಿ ನೋಡಿದ.

"ನೀ ಅಲ್ಲ" ಅಂದ. "ಹಾಕಿದಾಂವ ನಾನ."

"ಖರೇನ ಅಣ್ಣ? ನನ್ನ ಸಮಾಧಾನಕ್ಕ ಅಂತೀಯೇನು?"

"ಆ ವರ್ಷ ನಾ ನೇಯ್ದ ಸೀರಿ ನಂದಲ್ಲ, ಉಂಡ ರೊಟ್ಟಿ ನಂದಲ್ಲ. ಗೌರಿ ಕಡೆ ಹೋಗಿದ್ದು ನಂದಲ್ಲ. ಅದೊಂದು ನಾ ಮಾಡೇನಿ. ಅಷ್ಟು ನನಗ ಇರ್ಲಿ ಬಿಡೋ ಶಿವ್ಯಾ."

ನಾನು ಮತ್ತೆ ಕೇಳಲಿಲ್ಲ. ಅವನು ಹೇಳಿದ್ದು ನಿಜವೋ, ತಮ್ಮನ ಭಾರ ಇಳಿಸಲು ಹೇಳಿದ್ದೋ ನನಗೆ ತಿಳಿಯದು. ಈಗ ಕೇಳಲು ಅವನಿಲ್ಲ. ಕಾಂಪೌಂಡರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ರೋಗಿಯ ಮೈ ಮುಟ್ಟುವ ಮುಂಚೆ ಅವನನ್ನು ಕೇಳಬೇಕು, ಅವನು ಹೂಂ ಅನ್ನುವತನಕ ಕಾಯಬೇಕು, ಮತ್ತು ಇದನ್ನು ನಾನು ಮಾಡಿದೆ ಎಂದು ಅವನು ಹೇಳಿದಾಗ, ಎಷ್ಟೇ ಅನುಮಾನವಿದ್ದರೂ, ಅದನ್ನು ಅವನ ಕೈಯಿಂದ ಕಿತ್ತುಕೊಳ್ಳಬಾರದು.